ಆಚೆ ದಂಡೆಯ ಹೂಂ

ಹೂಂ ಅನ್ನುವವರಿಲ್ಲದೆ ನಮ್ಮ ಅಜ್ಜಾರು ಕಥೆ ಹೇಳುತ್ತಿರಲಿಲ್ಲ.

ಮಲಪ್ರಭೆಯ ದಂಡೆಯ ಮೇಲೆ ಅವರದೊಂದು ಸಣ್ಣ ಆಶ್ರಮ. ಶ್ರಾವಣ ಬಂತೆಂದರೆ ದಿನಾ ಸಂಜೆ ದೀಪ ಹಚ್ಚಿ ಕಥೆಗೆ ಕೂರುವರು. ಒಂದು ಮಾತು ಹೇಳಿ ನಿಲ್ಲುವರು. ಎದುರಿನಿಂದ ಹೂಂ ಬಂದ ಮೇಲೇ ಮುಂದಿನ ಮಾತು.

ಆ ಹೂಂ ಫಕೀರವ್ವನದು. ಆಶ್ರಮಕ್ಕೆ ಬಂದವರಿಗೆಲ್ಲ ರೊಟ್ಟಿ ಬಡಿದು ಹಾಕುತ್ತಿದ್ದವಳು. ಕಥೆ ಶುರುವಾಗುವಾಗ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಕಂಬಕ್ಕೆ ಒರಗಿ ಕೂರುವಳು. ನಾವೆಲ್ಲ ಬಾಯಿ ಬಿಟ್ಟುಕೊಂಡು ಮೈಮರೆತರೂ ಅವಳು ಮರೆಯುತ್ತಿರಲಿಲ್ಲ. ಎಂಥ ಹೂಂ ಅಂತೀರಿ! ಕಥೆಯಲ್ಲಿ ಮಳೆ ಬಂದರೆ ಒಂದು ಥರ, ತಾಯಿ ಅತ್ತರೆ ಇನ್ನೊಂದು ಥರ.

ಶ್ರಾವಣದ ಕಡೆಯ ದಿನ ಮಾತ್ರ ಯಾವತ್ತೂ ಒಂದೇ ಕಥೆ. ಕಳೆದುಹೋದ ಕರುವನ್ನು ಹುಡುಕುತ್ತ ಅಡವಿಗೆ ಹೋದ ಹುಡುಗಿಯ ಕಥೆ.

ಅದರ ಕೊನೆಯನ್ನು ಫಕೀರವ್ವ ಒಮ್ಮೆಯೂ ಕೇಳಿರಲಿಲ್ಲ. ಕಥೆ ಮುಗಿದು ನಾವು ಏಳುವಾಗ ಬಿಸಿ ರೊಟ್ಟಿ ಬೇಕಲ್ಲ? ಅಡವಿಯಲ್ಲಿ ಹುಲಿ ಗುಡುಗುವ ಹೊತ್ತಿಗೆ ಸರಿಯಾಗಿ ಅವಳು ಎದ್ದು ಒಲೆಗೆ ಹೋಗುವಳು. ಉಳಿದ ಹೂಂ ನಮ್ಮಲ್ಲೇ ಯಾರಾದರೂ ಹಾಕುತ್ತಿದ್ದರು. ಎಲ್ಲರೂ ಉಂಡು ತೇಗಿದ ಮೇಲೆ ಅವಳು ಆರಿದ ರೊಟ್ಟಿ ಮುರಿದುಕೊಂಡು ಕೂರುವಳು.

ಕೊನೆ ಏನಾಯಿತು ಅಂತ ಅವಳು ಯಾರನ್ನೂ ಕೇಳಲಿಲ್ಲ. ನಾವೂ ಹೇಳಲಿಲ್ಲ. ಉಂಡವರಿಗೆ ಅದೆಲ್ಲಿ ನೆನಪಾಗಬೇಕು.

ಆಮೇಲೆ ಫಕೀರವ್ವ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಮಗಳು ಸುವರ್ಣಾ ಬೆಳಗಾವಿಗೆ ಕರೆದುಕೊಂಡು ಹೋದಳು. ಎದ್ದು ನಿಲ್ಲಲೂ ಆಗದ ಸ್ಥಿತಿ. ಈ ಶ್ರಾವಣ ಕಂಡಾಳು, ಮುಂದಿನದರ ಮಾತು ಬೇಡ ಅಂತ ಡಾಕ್ಟರು ಮಗಳಿಗೆ ಮೆಲ್ಲಗೆ ಹೇಳಿದ್ದರು.

ಫಕೀರವ್ವ ಅಜ್ಜಾರಿಗೆ ಹೇಳಿ ಕಳಿಸಿದಳು. "ಈ ಸಲ ರೊಟ್ಟಿ ಬಡಿಯೂದಿಲ್ರಿ ನನಗ. ಕರುವಿನ ಕಥಿ ಕಡೀತನಕ ಕೇಳ್ತೀನಿ."

ಅಜ್ಜಾರು ಶಿಷ್ಯ ನಿರುಪಾದಿಯನ್ನು ಕರೆದರು. ಸಿಂಧನೂರು ಕಡೆಯ ಹುಡುಗ, ಕಾಲೇಜು ಮುಗಿಸಿ ಬಂದವನು. ಚುರುಕು, ಆದರೆ ಮೂಗಿನ ತುದಿಯಲ್ಲೇ ಸಿಟ್ಟು.

"ಆಕಿಗೆ ಕಥಿ ಮುಟ್ಟಬೇಕು. ಏನ್ ಮಾಡ್ತಿ ಮಾಡು."

ನಮ್ಮ ದಂಡೆಗೆ ಮೊಬೈಲ್ ಸಿಗ್ನಲ್ ಬರುವುದಿಲ್ಲ. ಗುಡ್ಡ ಹತ್ತಿ ನಿಂತರೆ ಒಂದು ಕಡ್ಡಿ. ಅಜ್ಜಾರ ಮೊಣಕಾಲಿಗೆ ಗುಡ್ಡ ಆಗದ ಮಾತು. ನಿರುಪಾದಿ ಇಂಟರ್ನೆಟ್ ಕಂಪನಿಯವರಿಗೆ ಹೇಳಿ ವೈರು ಎಳೆಸಿದ. ಅವರು ಒಂದು ಡಬ್ಬಿ ಕೊಟ್ಟರು. ರೂಟರ್ ಅಂತ ಅದರ ಹೆಸರು. ಹಸಿರು ದೀಪ ಹತ್ತಿದರೆ ಅಜ್ಜಾರ ಮುಂದಿಟ್ಟ ಫೋನಿನಿಂದ ಕಥೆ ಬೆಳಗಾವಿಗೆ ಹೋಗುತ್ತದೆ, ಕೆಂಪು ಹತ್ತಿದರೆ ಇಲ್ಲ.

ಬಹಳ ಸಲ ಕೆಂಪೇ.

ನಿರುಪಾದಿ ದಿನಾ ಗುಡ್ಡ ಹತ್ತುವನು. ಕಂಪನಿಯ ನಂಬರಿಗೆ ಫೋನ್ ಹಚ್ಚುವನು. ಮೊದಲು ಹಾಡು, ಆಮೇಲೆ ಒಂದು ಒತ್ತಿ, ಎರಡು ಒತ್ತಿ, ಮತ್ತೆ ಹಾಡು.

"ಸರ್, ಒಮ್ಮೆ ಆಫ್ ಮಾಡಿ ಆನ್ ಮಾಡಿ."

"ಮಾಡೀನ್ರೀ! ಅದನ್ನ ಮಾಡ್ಕೋತ ಕೂತೀನಿ!"

"ನಮ್ಮ ಕಡೆಯಿಂದ ಎಲ್ಲಾ ಸರಿ ಕಾಣ್ತಿದೆ ಸರ್."

ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಬೇರೆ ಒಳ್ಳೆಯ ಡಬ್ಬಿ ಕೊಂಡು ತರುತ್ತೇನೆ ಅಂದರೆ ಅದಕ್ಕೂ ಕಂಪನಿ ಒಪ್ಪಲಿಲ್ಲ. ನಮ್ಮದೇ ಡಬ್ಬಿ ಇರಬೇಕು, ಅದರ ಪಾಸ್‌ವರ್ಡೂ ನಮ್ಮ ಹತ್ತಿರವೇ ಇರಬೇಕು ಅಂದರು. ಕಾಡಿ ಬೇಡಿದ ಮೇಲೆ ಹೊಸ ಡಬ್ಬಿ ಅಂತ ಒಂದು ತಂದುಕೊಟ್ಟರು. ಅದರ ಬೆನ್ನಿಗೆ ಯಾರ ಮನೆಯ ಮಗುವೋ ಅಂಟಿಸಿದ ಚಿಟ್ಟೆಯ ಸ್ಟಿಕರ್ ಇತ್ತು. ಅದೂ ಕೆಂಪೇ ಹತ್ತಿತು.

ಹಸಿರು ಹತ್ತಿದಾಗಲೂ ನೆಟ್ಟಗಿರುತ್ತಿರಲಿಲ್ಲ. ಅಜ್ಜಾರು ಮಾತು ಹೇಳಿ ನಿಲ್ಲುವರು. ಹೂಂ ಬರದು. ಕಾದು ಕಾದು ಮುಂದಿನ ಮಾತಿಗೆ ಬಾಯಿ ತೆರೆದರೆ, ನಡುವೆ ಹಿಂದಿನ ಹೂಂ ಚೂರು ಚೂರಾಗಿ ಬಂದು ಬೀಳುವುದು.

ನಿರುಪಾದಿ ಒಂದು ಉಪಾಯ ಮಾಡಿದ. ಅವತ್ತು ಕಥೆ ಶುರುವಾಯಿತು. ಅಜ್ಜಾರು ಮೊದಲ ಮಾತು ಹೇಳಿ ನಿಂತರು. ಹೂಂ ಇಲ್ಲ.

"ನಡೀರಿ ಅಜ್ಜಾರ, ಇವತ್ತು ಲೈನ್ ಭಾಳ ಚಲೋ ಐತಿ. ಆಕಿಗೆ ಎಲ್ಲಾ ಸ್ವಚ್ಛ ಕೇಳಸ್ತೈತಿ."

"ಮತ್ತ ಹೂಂ ಎಲ್ಲಿ?"

"ಆ ಕಡಿ ದನೀನ ಬಂದ್ ಮಾಡೀನ್ರಿ. ಅದು ಬರೂದಕ್ಕ ಲೈನ್ ಜಗ್ಗತಿತ್ತು. ಈಗ ನಿಮ್ಮ ಮಾತು ಅಷ್ಟ ಹೋಗತೈತಿ."

ಅಜ್ಜಾರು ಹೊಳೆಯ ಕಡೆ ಕೈ ಮಾಡಿದರು.

"ತಮ್ಮಾ, ದಂಡೀಗೆ ಹೋಗಿ ಆಚಿ ದಂಡಿ ಮಂದಿಗೆ ಊಟಕ್ಕ ಬರ್ರಿ ಅಂತ ಕೂಗಿ ಬಾ."

ನಿರುಪಾದಿ ಹೋದ. ಗಂಟಲು ಹರಿಯುವಂತೆ ಕೂಗಿ ಬಂದ.

"ಕೂಗಿದಿ?"

"ಕೂಗೀನ್ರಿ."

"ಬರ್ತಾರೇನು?"

"ನನಗೇನ್ ಗೊತ್ರಿ? ಯಾರೂ ಏನೂ ಅನ್ನಲಿಲ್ಲ."

"ಹಂಗಾದ್ರ ಎಷ್ಟು ಮಂದಿಗೆ ರೊಟ್ಟಿ ಬಡಿಸ್ಲಿ ಹೇಳು."

ನಿರುಪಾದಿ ತಲೆ ಕೆರೆದುಕೊಂಡ. ನಾವು ನಕ್ಕೆವು. ಅಜ್ಜಾರು ನಗಲಿಲ್ಲ.

"ಒಂದು ವರ್ಷ ಹೊಳಿ ತುಂಬಿ ದೋಣಿ ನಿಂತಿತ್ತಪಾ. ಆಚಿ ದಂಡಿ ಮಂದಿ ಹೊಳೀಗಿಳಿಯೂ ಪಾವಟಿಗಿ ಮ್ಯಾಲೆ ಬಂದು ಕುಂತ್ರು. ನಾ ಈ ಕಲ್ಲಿನ ಮ್ಯಾಲೆ ನಿಂತು ಕಥಿ ಒದರಿದೆ. ಗಾಳಿ, ನೀರಿನ ಸಪ್ಪಳ. ಯಾರಿಗೂ ಮುಟ್ಟವಲ್ದು, ಸಾಕು ಅಂತ ಒಳಗ ಹೊಂಟಿದ್ದೆ. ತಡಾಗಿ ಒಂದು ಹೂಂ ಬಂತು. ಹೊಸದಾಗಿ ಮದಿವ್ಯಾಗಿ ಆ ಊರಿಗೆ ಬಂದ ಹುಡಿಗಿ."

"ಫಕೀರವ್ವಾ?"

"ಆಕೀನ. ಆ ಹೂಂ ಬರಲಿಲ್ಲಂದ್ರ ಅವತ್ತಿಗೇ ಕಥಿ ಬಿಡ್ತಿದ್ದೆ. ಆ ಕಡಿ ದನಿ ಹಚ್ಚು."

ನಿರುಪಾದಿ ಹಚ್ಚಿದ. ಒಡೆದ ಹೂಂಗಳು ಮತ್ತೆ ಬರತೊಡಗಿದವು. ಅಜ್ಜಾರು ಒಂದೊಂದಕ್ಕೂ ಕಾದರು. ಕಥೆ ಎತ್ತಿನ ಗಾಡಿಯ ಹಾಗೆ ಸಾಗಿತು.

ಶ್ರಾವಣದ ಕಡೆಯ ದಿನ ಬಂತು. ಆಶ್ರಮ ತುಂಬಿತ್ತು. ಒಳಗೆ ಬುಟ್ಟಿ ತುಂಬ ರೊಟ್ಟಿ, ಬದನೆಕಾಯಿ ಪಲ್ಯದ ವಾಸನೆ. ಡಬ್ಬಿಯಲ್ಲಿ ಹಸಿರು ದೀಪ. ನಿರುಪಾದಿ ಅದರ ಮುಂದೆ ಕೈಮುಗಿದೇ ಕೂತಿದ್ದ, ಪಾಪ.

ಹುಡುಗಿ ಕರು ಹುಡುಕುತ್ತ ಹೊರಟಳು. ಹೂಂ. ಮುಳ್ಳುಕಂಟಿಯನ್ನು ಕೇಳಿದಳು. ಹೂಂ. ಚಂದ್ರನನ್ನು ಕೇಳಿದಳು. ಹೂಂ. ಅಡವಿ ಹೊಕ್ಕಳು.

"ಹುಲಿ ಗುಡುಗಿತು," ಅಂದರು ಅಜ್ಜಾರು.

ಹೂಂ ಬರಲಿಲ್ಲ. ದೀಪ ಕೆಂಪಾಗಿತ್ತು.

ನಿರುಪಾದಿ ಆಫ್ ಮಾಡಿದ, ಆನ್ ಮಾಡಿದ. ಕೆಂಪು. ವೈರು ಕಿತ್ತು ಮತ್ತೆ ಸಿಕ್ಕಿಸಿದ. ಕೆಂಪು. ಗುಡ್ಡಕ್ಕೆ ಓಡಿದ. ಏದುಸಿರು ಬಿಡುತ್ತ ಇಳಿದು ಬಂದ.

"ನಾಡಿದ್ದು ಮಂದಿ ಕಳಸ್ತಾರಂತ್ರಿ. ನಾಡಿದ್ದು!"

ಡಬ್ಬಿಯನ್ನು ಕಿತ್ತು ಎತ್ತಿದ. ಕಣ್ಣಲ್ಲಿ ನೀರು.

"ಈ ಸುಡುಗಾಡು ಡಬ್ಬೀನ ಹೊಳೀಗೆ ಒಗೀತೀನ್ರಿ ಅಜ್ಜಾರ!"

"ಒಗಿಯಪಾ. ಆದ್ರ ಹೊಳಿ ಏನ್ ತಪ್ಪು ಮಾಡೈತಿ?"

ಅವನ ಕೈ ಇಳಿಯಿತು. ಡಬ್ಬಿಯನ್ನು ಇದ್ದಲ್ಲೇ ಇಟ್ಟು ವೈರು ಸಿಕ್ಕಿಸಿ ಗೋಡೆಗೆ ಮುಖ ಮಾಡಿ ಕೂತುಬಿಟ್ಟ.

"ನಾಳೆ ಮೊದಲನೇ ಬಸ್ಸಿಗೆ ಬೆಳಗಾವಿಗೆ ಹೋಗ್ತೀನ್ರಿ. ಕಡೀ ಮಾತು ನಾನ ಆಕಿಗೆ ಹೇಳಿ ಬರ್ತೀನಿ."

"ಹೋಗು. ಆದ್ರ ಆಕಿ ಇವತ್ತು ಕುಂತಾಳ. ಫೋನ್ ಕಿವಿಗೆ ಹಿಡ್ಕೊಂಡ ಇರ್ತಾಳ. ನಾವೂ ಕೂಡೂಣು."

ಕೂತೆವು. ಕೆಂಪು ದೀಪ ನೋಡುತ್ತ ಎಲ್ಲರೂ ಕೂತೆವು. ನನ್ನ ಹೊಟ್ಟೆ ಚುರುಗುಡುತ್ತಿತ್ತು, ಸುಳ್ಳೇಕೆ ಹೇಳಲಿ.

ಹಿಂದಿನಿಂದ ಯಾರೋ ಅಂದರು, "ಅಜ್ಜಾರ, ನೀವು ಮುಂದ ಹೇಳ್ರಿ. ನಾವು ಹೂಂ ಅಂತೀವಿ. ರೊಟ್ಟಿ ಆರಾಕ ಹತ್ಯಾವು."

ಅಜ್ಜಾರು ತಿರುಗಿ ನೋಡಿದರು. ಅವರ ದನಿ ಅಷ್ಟು ಗಡುಸಾದದ್ದು ನಾನು ಬೇರೆ ಯಾವತ್ತೂ ಕೇಳಿಲ್ಲ.

"ಇಷ್ಟು ವರ್ಷ ಈ ಕಥಿ ಕಡೀ ಮಾತು ನೀವು ಕೇಳೀರಿ, ಆಕಿ ರೊಟ್ಟಿ ಬಡದಾಳ. ಇವತ್ತೊಂದು ದಿನ ರೊಟ್ಟಿ ಆರಲಿ."

ಒಳಗೆ ರೊಟ್ಟಿ ಆರಿತು. ಯಾರೋ ಹಣತೆಗೆ ಎಣ್ಣೆ ಹಾಕಿದರು. ಹೊಳೆ ಮೊದಲಿನ ಹಾಗೇ ಸಪ್ಪಳ ಮಾಡುತ್ತಿತ್ತು. ನನಗೆ ಕಂಬದ ಹತ್ತಿರದ ಖಾಲಿ ಜಾಗದ ಮೇಲೇ ಕಣ್ಣು.

ಯಾರೂ ಡಬ್ಬಿ ಮುಟ್ಟಿರಲಿಲ್ಲ. ಯಾಕೆ ಕೆಂಪಾಯಿತೋ ಯಾಕೆ ಹಸಿರಾಯಿತೋ, ಅದಕ್ಕೇ ಗೊತ್ತು. ಹಸಿರು ಹತ್ತಿತು.

"ಹೂಂ," ಅಂತ ಬಂತು. "ಹೂಂ. ಹೂಂ ಅನ್ನಾಕ ಹತ್ತೀನ್ರಿ ಅಜ್ಜಾರ, ಕೇಳಸ್ತೈತಿಲ್ರಿ? ಹುಲಿ ಗುಡುಗಿತು, ಹೂಂ."

ಅಷ್ಟು ಹೊತ್ತೂ ಅವಳು ಅನ್ನುತ್ತಲೇ ಇದ್ದಳು. ನಮಗೆ ಯಾರಿಗೂ ಕೇಳಿಸಿರಲಿಲ್ಲ.

ಅಜ್ಜಾರು ಕಣ್ಣೊರೆಸಿಕೊಂಡರು. "ಕೇಳಿಸ್ತು ಯವ್ವಾ. ಹುಲಿ ಗುಡುಗಿತು. ಹುಡಿಗಿ ಹೆದರಿ ಮರ ಏರಿದ್ಲು."

"ಹೂಂ."

"ಬೆಳಕು ಹರಿಯೂತನಕ ಅತ್ತು, ಬರಿಗೈಲೆ ಮನಿ ಕಡಿ ಹೊಂಟ್ಲು."

"ಹೂಂ."

"ಬಂದು ನೋಡ್ತಾಳ, ಕರು ಬಾಗಿಲಾಗ ನಿಂತಿತ್ತು. ಯಾವಾಗೋ ತಾನ ಮನಿಗೆ ಬಂದು, ಈಕಿ ದಾರಿ ಕಾಯಾಕ ಹತ್ತಿತ್ತು."

ಸದ್ದಿಲ್ಲ.

ನಾವೆಲ್ಲ ಕುತ್ತಿಗೆ ಚಾಚಿದೆವು. ದೀಪ ಹಸಿರೇ ಇತ್ತು. ಹೂಂ ಮಾತ್ರ ಇಲ್ಲ.

"ಮತ್ತ ಹೋತ್ರಿ ಲೈನು," ಅಂತ ನಿರುಪಾದಿ ಆಫ್ ಮಾಡಲು ಕೈ ಚಾಚಿದ. ಅಜ್ಜಾರು ಅವನ ಮಣಿಕಟ್ಟು ಹಿಡಿದರು. ಹಿಡಿದೇ ಕೂತರು.

ಮೊದಲು ಬಂದದ್ದು ಬಿಕ್ಕು. ಆಮೇಲೆ ನಗು.

"ಯಪ್ಪಾ! ಕರು ಉಳೀತೇನ್ರಿ! ಇಷ್ಟು ದಿನ ಹುಲಿ ತಿಂತು ಅಂತ ಮಾಡಿದ್ನಲ್ರಿ ನಾನು. ಹಿಟ್ಟು ನಾದೂ ಮುಂದ ಎಷ್ಟು ಅತ್ತೀನೋ ಏನೋ. ಉಳೀತು ನೋಡ್ರಿ ನನ್ನ ಕರು!"

ನಮ್ಮಲ್ಲಿ ಗಂಡಸರೂ ಅತ್ತರು.

ಆಮೇಲೆ ಸಾವಕಾಶ, ತುಂಬಿದ ದನಿಯಲ್ಲಿ ಬಂತು: "ಹೂಂ."

ಅದರ ಹಿಂದೆಯೇ ಗದರಿಕೆ. "ಏಳ್ರಿನ್ನ, ಉಣ್ರಿ. ರೊಟ್ಟಿ ಆರತಾವು."

ಎದ್ದೆವು. ಎಲೆ ಹಾಕಿಕೊಂಡು ಸಾಲಾಗಿ ಕೂತೆವು. ನಿರುಪಾದಿ ಅಜ್ಜಾರ ಪಕ್ಕದಲ್ಲಿ ಕೂತ. ರೊಟ್ಟಿ ಮುರಿಯಲು ಹೋದ, ಬಾಗಲಿಲ್ಲ. ಎರಡೂ ಕೈ ಹಚ್ಚಿ ಮುರಿದು ಒಂದು ತುತ್ತು ಬಾಯಿಗಿಟ್ಟ. ಅಗಿದ, ಅಗಿಯುತ್ತಲೇ ಇದ್ದ. ಹಾಗೇ ಅವನ ದವಡೆ ನಿಂತಿತು.

"ಅಜ್ಜಾರ, ಆಕಿ ದಿನಾ ಇದನ್ನ ತಿಂತಿದ್ಲೇನ್ರಿ?"

ಅಜ್ಜಾರು ಆಚೆ ದಂಡೆಯ ಕಡೆ ನೋಡುತ್ತಿದ್ದರು. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ನಿರುಪಾದಿ ಮತ್ತೆ ಕೇಳಲಿಲ್ಲ. ರೊಟ್ಟಿ ಕೈಯಲ್ಲಿ ಹಿಡಿದು ಕಾದ.

ಬಹಳ ತಡವಾಗಿ ಅಜ್ಜಾರು ಅಂದರು:

"ಹೂಂ."