ಗುಂಗುರಿಯ ಕರಿ ಉಣ್ಣೆ

ಹೂಂ ಅನ್ನಿ. ಅಂದ್ರೆ ಹೇಳ್ತೀನಿ.

ಗುಂಗುರಿ ಅಂತ ಒಂದು ಕುರಿ. ಮೈತುಂಬ ಕರಿ ಉಣ್ಣೆ. ಒಂದಿನ ಕುರಿ ಕಾಯೋ ಮಾಳಣ್ಣ ಬಂದ. ಕತ್ತರಿ ಹಿಡಿದ. ಕಚಕ್ ಕಚಕ್. ಉಣ್ಣೆಯೆಲ್ಲ ಹೋಯ್ತು.

ಗುಂಗುರಿ ತನ್ನ ಮರಿ ಹತ್ರ ಹೋಯ್ತು. "ಬಾ ಮಗಾ, ಹಾಲು ಕುಡಿ."

ಮರಿ ಹಿಂದೆ ಸರೀತು. "ನೀನ್ಯಾರು? ನಮ್ಮವ್ವ ದಪ್ಪ. ನೀನು ಸಣಕಲಿ. ನಾನೊಲ್ಲೆ."

ಗುಂಗುರಿಗೆ ಅಳು ಬಂತು. ಮರಿ ಹೊಟ್ಟೆ ಖಾಲಿ. ಹಾಗೇ ಬಿಡೋಕಾಗುತ್ತಾ?

ಮಾಳಣ್ಣನ ಹತ್ರ ಹೋಯ್ತು.

"ಮಾಳಣ್ಣ ಮಾಳಣ್ಣ, ಉಣ್ಣೆ ಕೊಡು. ಉಣ್ಣೆ ಇಲ್ಲದೆ ಮರಿ ಒಲ್ಲೆ ಅಂತು."

"ನನ್ನ ಹತ್ರ ಎಲ್ಲಿದೆ? ನೂಲೋ ಹಾಲವ್ವ ಒಯ್ದಳು."

ಹಾಲವ್ವನ ಹತ್ರ ಹೋಯ್ತು.

"ಹಾಲವ್ವ ಹಾಲವ್ವ, ಉಣ್ಣೆ ಕೊಡು. ಮಾಳಣ್ಣ ಇಲ್ಲ ಅಂದ. ಉಣ್ಣೆ ಇಲ್ಲದೆ ಮರಿ ಒಲ್ಲೆ ಅಂತು."

"ಅಯ್ಯೋ, ಅದು ಆಗಲೇ ನೂಲಾಯ್ತಲ್ಲೇ! ನೇಯೋ ಬೀರಣ್ಣ ಒಯ್ದ."

ಬೀರಣ್ಣನ ಹತ್ರ ಹೋಯ್ತು.

"ಬೀರಣ್ಣ ಬೀರಣ್ಣ, ನೂಲು ಕೊಡು. ಹಾಲವ್ವ ಇಲ್ಲ ಅಂದಳು. ಮಾಳಣ್ಣ ಇಲ್ಲ ಅಂದ. ಉಣ್ಣೆ ಇಲ್ಲದೆ ಮರಿ ಒಲ್ಲೆ ಅಂತು."

"ಬರೀ ನೂಲು ತಗೊಂಡು ಏನು ಮಾಡ್ತೀಯೆ? ಕಂಬಳಿ ನೇಯ್ದು ಕೊಡ್ತಿದ್ದೆ. ನೂಲಿಗೆ ಗಂಜಿ ಹಚ್ಚಬೇಕು. ಗಂಜಿಗೆ ಹುಣಸೆ ಬೀಜ ಬೇಕು. ಬೀಜ ಇಲ್ಲ. ಹೋಗು ಹೋಗು!"

ಹುಣಸೆ ಮರದ ಹತ್ರ ಹೋಯ್ತು.

"ಹುಣಸಕ್ಕ ಹುಣಸಕ್ಕ, ಬೀಜ ಕೊಡು. ಬೀರಣ್ಣ ಇಲ್ಲ ಅಂದ. ಹಾಲವ್ವ ಇಲ್ಲ ಅಂದಳು. ಮಾಳಣ್ಣ ಇಲ್ಲ ಅಂದ. ಉಣ್ಣೆ ಇಲ್ಲದೆ ಮರಿ ಒಲ್ಲೆ ಅಂತು."

ಹುಣಸಕ್ಕನಿಗೆ ಸಿಟ್ಟು ಬಂತು. "ಕಾಯಿ ಕೊಡು, ಹಣ್ಣು ಕೊಡು, ಬೀಜ ಕೊಡು! ಎಲ್ಲರೂ ಕೇಳೋರೇ. ನನ್ನ ಬುಡಕ್ಕೆ ಒಂದು ಹಿಡಿ ಗೊಬ್ಬರ ಹಾಕಿದೋರು ಯಾರು?"

ಗೊಬ್ಬರ ತಾನೇ? ಗುಂಗುರಿ ಹಿಂದುಮುಂದಾಗಿ ನಿಂತಿತು. ಬಾಲ ಎತ್ತಿತು. ಪಟ ಪಟ ಪಟ! ಬುಡದ ತುಂಬ ಹಿಕ್ಕೆ.

ನಗಬೇಡ್ರೋ. ಕುರಿ ಹಿಕ್ಕೆ ಬಲು ಒಳ್ಳೇ ಗೊಬ್ಬರ.

ಹಿಕ್ಕೆ ಬಿತ್ತು, ಹುಣಸಕ್ಕ ಹಿಗ್ಗಿದಳು. ಹುಣಸಕ್ಕ ಬೀಜ ಉದುರಿಸಿದಳು, ಬೀರಣ್ಣ ಗಂಜಿ ಕಾಯಿಸಿದ. ಗಂಜಿ ಹಚ್ಚಿದ, ನೂಲು ಗಟ್ಟಿಯಾಯ್ತು. ಲಟಕ್ ಪಟಕ್, ಕಂಬಳಿ ನೇಯ್ದ. ಹಾಲವ್ವ ಅಂಚು ಹೊಲಿದಳು. ಮಾಳಣ್ಣ ಗುಂಗುರಿಗೆ ಹೊದಿಸಿದ.

ಮರಿ ಬಂತು. ಮೂಸಿ ನೋಡಿತು. ಅದೇ ಕರಿ ಉಣ್ಣೆ. ಅದೇ ವಾಸನೆ.

"ಅವ್ವಾ! ಇಷ್ಟೊತ್ತು ಎಲ್ಲಿ ಹೋಗಿದ್ದೆ?"

"ಇಲ್ಲೇ ಇದ್ನಲ್ಲೋ!"

ಮರಿ ಪಚಪಚ ಹಾಲು ಕುಡೀತು. ಕುಡೀತಾ ಕುಡೀತಾ ಗುದ್ದಿತು. ಕಂಬಳಿ ಜಾರಿ ಕೆಳಗೆ ಬಿತ್ತು.

ಮರಿ ನೋಡಿತಾ? ಎಲ್ಲಿ ನೋಡುತ್ತೆ! ಕುಡೀತಾನೇ ಇತ್ತು.