ಕೋಲು ಬಿಡುವ ಹೊತ್ತು

“ಗುರುಗಳೇ, ಕೈ ಹಾಕಿದ್ದನ್ನೆಲ್ಲ ಸಾಧಿಸುವವನು ಕೊನೆಗೆ ಯಾವುದನ್ನು ಹಿಡಿಯಬೇಕು?” ಎಂದು ಶಿಷ್ಯ ಕೇಳಿದ. ಅವನು ಚೆನ್ನಾಗಿ ಹಾಡುತ್ತಿದ್ದ, ವಾದದಲ್ಲಿ ಸೋಲುತ್ತಿರಲಿಲ್ಲ, ವ್ಯಾಕರಣದಲ್ಲೂ ಎಲ್ಲರಿಗಿಂತ ಮುಂದಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನ ಹೈಸ್ಕೂಲಿನಲ್ಲಿ ಕಾಶವ್ವ ಎಂಬ ಹುಡುಗಿ ಓದುತ್ತಿದ್ದಳು. ಖೋಖೋ ತಂಡಕ್ಕೆ ಅವಳೇ ನಾಯಕಿ. ಓಟದಲ್ಲಿ ಅವಳೇ ಮೊದಲು. ಉದ್ದಜಿಗಿತಕ್ಕೆ ಅವಳ ಹೆಸರು ಕೂಗಿದರೆ ಬೇರೆ ಶಾಲೆಯ ಹುಡುಗಿಯರು ಎರಡನೆಯ ಸ್ಥಾನಕ್ಕೆ ತಯಾರಾಗುತ್ತಿದ್ದರು. ಅವಳು ಗೆದ್ದಳೇ ಎಂದು ಊರಿನವರು ಕೇಳುವುದನ್ನೇ ಬಿಟ್ಟಿದ್ದರು. ಏನೇನು ಗೆದ್ದಳು ಎಂದು ಕೇಳುತ್ತಿದ್ದರು.

ಹತ್ತನೆಯ ತರಗತಿ ಮುಗಿಯುವ ಮೊದಲೇ ಅವಳನ್ನು ಜಿಲ್ಲೆಯ ಕ್ರೀಡಾ ಹಾಸ್ಟೆಲಿಗೆ ಆರಿಸಿದರು. ಅಲ್ಲಿ ಒಂದೇ ಆಟಕ್ಕೆ ಸೇರಬೇಕು. “ಖೋಖೋ ಹಿಡಿ ಕಾಶವ್ವ, ರಾಜ್ಯ ತಂಡಕ್ಕೆ ನಾಯಕಿ ಆಗ್ತೀ” ಎಂದು ಶಾಲೆಯ ದೈಹಿಕ ಶಿಕ್ಷಕರು ಹೇಳಿ ಕಳಿಸಿದರು.

ಅಲ್ಲಿನ ಮೈದಾನದಲ್ಲಿ ಅವಳು ತಾನು ಎಂದೂ ನೋಡದ ಒಂದು ಆಟ ಕಂಡಳು. ಹುಡುಗಿಯೊಬ್ಬಳು ಉದ್ದನೆಯ ಕೋಲು ಹಿಡಿದು ಓಡಿಬಂದು ಅದರ ತುದಿಯನ್ನು ನೆಲಕ್ಕೆ ಊರಿದಳು. ಕೋಲು ಬಾಗಿತು, ಅವಳನ್ನು ಮೇಲಕ್ಕೆ ಎತ್ತಿತು. ಅಡ್ಡಪಟ್ಟಿಯ ಮೇಲೆ ಹೋದವಳು ಕೋಲು ಬಿಟ್ಟು ಆಚೆ ಹಾಸಿದ್ದ ದಪ್ಪ ಸ್ಪಂಜಿನ ಮೇಲೆ ಬಿದ್ದಳು.

ಕಾಶವ್ವ ತರಬೇತುದಾರರ ಹತ್ತಿರ ಹೋದಳು. “ಕೋಲನ್ನು ಯಾವಾಗ ಬಿಡಬೇಕು ಸರ್?”

“ಹೇಳಿದರೆ ತಿಳಿಯುವಂಥದ್ದಲ್ಲ ಅದು” ಎಂದರು ಅವರು.

ಅವಳು ಆ ಆಟಕ್ಕೇ ಸೇರಿದಳು.

ಅಲ್ಲಿಂದ ಅವಳು ಸೋಲತೊಡಗಿದಳು. ಹೆದರಿ ಬೇಗ ಬಿಟ್ಟಳು, ಪಟ್ಟಿಯ ಈಚೆಗೇ ಬಿದ್ದಳು. ಬಿಗಿಯಾಗಿ ಹಿಡಿದುಕೊಂಡಳು, ಕೋಲು ಅವಳನ್ನು ಹಿಂದಕ್ಕೆ ತಂದು ಹಾಕಿತು. ಒಮ್ಮೆ ಭುಜದ ಮೂಳೆ ಮುರಿಯಿತು. ಎಲ್ಲ ಕ್ರೀಡಾಕೂಟಗಳಲ್ಲೂ ಕೊನೆಯವಳಾದಳು. ಎರಡನೆಯ ವರ್ಷ ಹಾಸ್ಟೆಲಿನವರು ಅವಳನ್ನು ಮನೆಗೆ ಕಳಿಸಿದರು.

ಊರಿನಲ್ಲಿ ಜನ ಅವಳೆದುರು ಮಾತು ಬದಲಿಸುತ್ತಿದ್ದರು. ಶಿಕ್ಷಕರು ಮನೆಗೇ ಬಂದರು. “ಆದದ್ದಾಯಿತು. ಖೋಖೋಗೆ ಬಾ, ಇನ್ನೂ ಹೊತ್ತು ಮೀರಿಲ್ಲ” ಎಂದರು. ಅವಳಿಗೆ ಅಳು ಬಂತು. ಅವರು ಹೇಳಿದ್ದು ನಿಜವೆಂದು ಅವಳಿಗೂ ಗೊತ್ತಿತ್ತು. ಆದರೂ ಬಿದಿರಿನ ಗಳ ತಂದು, ಶಾಲೆಯ ಉದ್ದಜಿಗಿತದ ಮರಳಿನಲ್ಲಿ ಹಾರಿ ಹಾರಿ ಬಿದ್ದಳು. ಕೆಲವು ದಿನ ನೋಡಿ, ಶಿಕ್ಷಕರು ತಾವೇ ಬಂದು ಅಡ್ಡಪಟ್ಟಿ ಕಟ್ಟಿದರು.

ಮರುವರ್ಷ ಅವರೇ ಅವಳನ್ನು ರಾಜ್ಯ ಕೂಟಕ್ಕೆ ಕರೆದೊಯ್ದರು. ಅಲ್ಲಿ ಅವಳು ನಾಲ್ಕನೆಯವಳಾದಳು. ನಾಲ್ಕನೆಯವರಿಗೆ ಪದಕವಿಲ್ಲ. ಶಿಕ್ಷಕರು ಸಮಾಧಾನ ಹೇಳಲು ಓಡಿ ಬಂದರೆ, ಅವಳು ಸ್ಪಂಜಿನ ಮೇಲೆ ಮಲಗಿ ನಗುತ್ತಿದ್ದಳು.

“ಏನಾಯಿತು?” ಎಂದರು.

“ಕೋಲನ್ನು ನಾನು ಬಿಡಲಿಲ್ಲ ಸರ್. ಅದೇ ನನ್ನನ್ನು ಬಿಟ್ಟಿತು.”

ಅದಕ್ಕಿಂತ ದೊಡ್ಡ ಕೂಟವನ್ನು ಅವಳು ಮುಂದೆಂದೂ ಕಾಣಲಿಲ್ಲ. ಆದರೆ ಹಾರುವುದನ್ನು ಬಹಳ ಕಾಲ ಬಿಡಲಿಲ್ಲ.

ಗುರುಗಳು ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಖೋಖೋ ಹಿಡಿದಿದ್ದರೆ ಅವಳು ರಾಜ್ಯ ತಂಡದ ನಾಯಕಿ ಆಗುತ್ತಿದ್ದಳಲ್ಲವೇ ಗುರುಗಳೇ?”

“ಆಗುತ್ತಿದ್ದಳು; ಆದರೆ ಅದು ಅವಳಿಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ್ದು ಕೋಲು ಬಿಡುವ ಹೊತ್ತು.”