ಕುಲಸಚಿವರು ಒತ್ತಿದ ಕೆಂಪು ಗುಂಡಿ

ಪರೀಕ್ಷೆಗೆ ಮೂರೇ ದಿನ ಉಳಿದಿತ್ತು. ವಿಶ್ವವಿದ್ಯಾಲಯದ ಕುಲಸಚಿವ ಬಸವಂತಪ್ಪನವರು ಕಂಪ್ಯೂಟರ್ ಕೋಣೆಗೆ ನುಗ್ಗಿದರು.

"ಏನ್ರೀ, ಹಾಲ್ ಟಿಕೆಟ್ ಪುಟ ಇನ್ನೂ ಸರಿಹೋಗಿಲ್ವಾ?"

"ಒಂದಕ್ಷರ ತಿದ್ದಿದ್ರೂ ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಬೇಕು ಸರ್. ಅದಕ್ಕೇ ಪ್ರಯೋಗಕ್ಕೆ ಬೇರೊಂದು ಕೇಳಿದ್ದೆ," ಎಂದಳು ಆಪರೇಟರ್.

"ಒಂದು ಆಫೀಸಿಗೆ ಎರಡೆರಡು ಸರ್ವರ್ ಯಾಕ್ರೀ? ಬೇಡ ಅಂತ ಫೈಲಲ್ಲೇ ಬರೆದಿದ್ದೀನಿ. ಏಳಿ, ನಾನೇ ನೋಡ್ತೀನಿ."

ಅವಳು ಕುರ್ಚಿ ಬಿಟ್ಟುಕೊಟ್ಟಳು. "ಸರ್, ಪರದೆ ಮೇಲಿನ ಆ ಕೆಂಪು ಗುಂಡಿ ಮಾತ್ರ..."

"ನನಗೇ ಹೇಳಿಕೊಡ್ತೀರಾ?" ಎನ್ನುತ್ತ ಅವರು ಅದನ್ನೇ ಒತ್ತಿದರು.

ವಿದ್ಯಾರ್ಥಿಗಳ ಸಂಖ್ಯೆ ನಲವತ್ತೆರಡು ಸಾವಿರ ಇದ್ದದ್ದು ಸೊನ್ನೆಯಾಯಿತು. ಕುಲಪತಿಗಳ ಕೆಂಗಣ್ಣು, ಟಿವಿಯವರ ಮೈಕು, ಗೇಟಿನ ಮುಂದೆ ಧಿಕ್ಕಾರ ಕೂಗುವ ಹುಡುಗರು, ಎಲ್ಲ ಒಟ್ಟಿಗೇ ಬಸವಂತಪ್ಪನವರ ಕಣ್ಣಿಗೆ ಕಟ್ಟಿದವು.

"ಏನಾದ್ರೂ ಮಾಡು ತಾಯೀ!"

"ಗಾಬರಿಯಾಗಬೇಡಿ ಸರ್. ಇದು ಮೂಲೆಯಲ್ಲಿ ಬಿದ್ದಿದ್ದ ಹಳೇ ಕಂಪ್ಯೂಟರಲ್ಲಿ ನಾನು ಹೊಂದಿಸಿರೋ ಪ್ರಯೋಗದ ಸರ್ವರ್. ಇದನ್ನ ನಿಲ್ಲಿಸಿ ಶುರು ಮಾಡೋದೂ ಬೇಡ, ತಿದ್ದಿದ ಕೂಡಲೇ ತಾನೇ ಬದಲಾಗುತ್ತೆ. ಅಸಲಿ ಸರ್ವರಲ್ಲಿ ಮಕ್ಕಳೆಲ್ಲ ಕ್ಷೇಮವಾಗಿದ್ದಾರೆ."

ಜೀವ ಬಂದೊಡನೆ ಅವರಿಗೆ ಅಧಿಕಾರವೂ ಬಂತು. "ಅಂದ್ರೆ ನನ್ನ ಆದೇಶ ಮೀರಿದ್ರಾ?"

"ಹೌದು ಸರ್, ತಪ್ಪಾಯ್ತು. ಈಗಲೇ ತೆಗೆದುಹಾಕ್ತೀನಿ. ಅಸಲಿ ಸರ್ವರ್ ತೆರೀತೀನಿ, ನೀವು ಅದರಲ್ಲೇ ನೋಡಿ."

ಬಸವಂತಪ್ಪನವರು ಮೌಸಿನ ಮೇಲಿದ್ದ ಕೈಯನ್ನು ಕೆಂಡ ಮುಟ್ಟಿದವರಂತೆ ಹಿಂದೆಳೆದು ಜೇಬಿಗೆ ಸೇರಿಸಿದರು. ಬಾಗಿಲ ತನಕ ಹೋಗಿ, ತಿರುಗಿ, ದನಿ ತಗ್ಗಿಸಿ ಹೇಳಿದರು:

"ಪ್ರಯೋಗದ್ದು ತೆಗೀಬೇಡಿ, ಇರಲಿ. ಮೂರನೇದೂ ಒಂದು ಮಾಡಿಡಿ, ನಾನು ನೋಡೋದಕ್ಕೆ."